ದೇವದಾರಿನ ಕಂಪು, ಕೈತೋಟದ ಕಾವಲು

ದೇವದಾರು ಮರದ ಬೊಡ್ಡೆಯನ್ನು ಅಡ್ಡ ಕೊಯ್ದರೆ ಎರಡು ಬಣ್ಣ ಕಾಣುತ್ತವೆ. ಹೊರಸುತ್ತಿನ ಬಿಳಿ ಭಾಗ ಬೇರಿನ ನೀರನ್ನು ಮೇಲಕ್ಕೆ ಸಾಗಿಸುತ್ತದೆ. ಒಳಗಿನ ಹಳದಿಗಂದು ಕೆಚ್ಚಿನಲ್ಲಿ ಜೀವವಿಲ್ಲ. ಜೀವವಿಲ್ಲದ ಭಾಗವನ್ನು ಹುಳು, ಶಿಲೀಂಧ್ರಗಳು ತಿಂದು ಟೊಳ್ಳು ಮಾಡದಿರಲೆಂದು ಮರವು ಕೆಚ್ಚು ಕಟ್ಟುವಾಗಲೇ ಅದರಲ್ಲಿ ಸುಗಂಧದ ಎಣ್ಣೆಗಳನ್ನು ತುಂಬಿಡುತ್ತದೆ. ತೋಟಗಾರಿಕೆಯಲ್ಲಿ ಕೀಟಗಳನ್ನು ದೂರವಿಡಲು ಬಳಸುವುದು ಈ ಎಣ್ಣೆಯ ಗುಣವನ್ನೇ. ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಅದನ್ನು ಗೆದ್ದಲು ಸಲೀಸಾಗಿ ತಿನ್ನುತ್ತದೆ.

ಪಶ್ಚಿಮ ಹಿಮಾಲಯದ ಜನ ಇದನ್ನು ಬಹು ಹಿಂದೆಯೇ ಅರಿತಿದ್ದರು. ಅಲ್ಲಿನ ಹಳ್ಳಿಗಳಲ್ಲಿ ಮನೆಯ ತೊಲೆಯೂ ಧಾನ್ಯದ ಕಣಜವೂ ದೇವದಾರಿನವೇ. ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಹಿಡಿಂಬಾ ದೇವಿಯ ಮರದ ಗುಡಿ ದೇವದಾರು ಕಾಡಿನ ನಡುವೆ ಇಂದಿಗೂ ನಿಂತಿದೆ. ದೂರದ ರೋಮ್‌ನಲ್ಲಿ ವಿಟ್ರುವಿಯಸ್ ಎಂಬ ವಾಸ್ತುಶಿಲ್ಪಿ, ಸೀಡರ್ ಎಣ್ಣೆ ಸವರಿದ ಪುಸ್ತಕಗಳಿಗೆ ಹುಳು ಹಿಡಿಯುವುದಿಲ್ಲವೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ.

ಆದರೆ ಸೀಡರ್ ಎಂಬ ಹೆಸರು ಗೊಂದಲದ್ದು. ಹಿಮಾಲಯದ ದೇವದಾರು, ಲೆಬನಾನಿನ ಧ್ವಜದ ಮೇಲಿರುವ ಮರ, ಉತ್ತರ ಆಫ್ರಿಕದ ಅಟ್ಲಾಸ್ ಪರ್ವತದ ಮರ, ಇವು ನಿಜವಾದ ಸೀಡರ್‌ಗಳು. ಅಮೆರಿಕದ ತೋಟಗಳಲ್ಲಿ ಸೀಡರ್ ಎಂದು ಬಳಸುವ ಚಕ್ಕೆ ಬಹುಪಾಲು ಬೇರೆ ಮರಗಳದು. ಪೂರ್ವದ ಕೆಂಪು ಸೀಡರ್ ಜೂನಿಪರ್ ಜಾತಿಯದು. ಹಳೆಯ ಕಾಲದ ಒಳ್ಳೆಯ ಪೆನ್ಸಿಲ್ ಹೆರೆದಾಗ ಮೂಗಿಗೆ ಬಡಿಯುತ್ತಿದ್ದ ಕಂಪು ಇದರದೇ. ಪಶ್ಚಿಮದ ಕೆಂಪು ಸೀಡರ್ ಥೂಜಾ ಜಾತಿಗೆ ಸೇರಿದೆ. ನಮ್ಮ ಗಂಧಗರಿಗೆ ಮರಕ್ಕೂ ಮರದ ವ್ಯಾಪಾರದಲ್ಲಿ ಕೆಂಪು ಸೀಡರ್ ಎನ್ನುವುದುಂಟು, ಅದು ಬೇವಿನ ಕುಟುಂಬದ ಮರ. ಒಂದರ ಗುಣ ಇನ್ನೊಂದಕ್ಕಿದೆ ಎಂದುಕೊಳ್ಳಬಾರದು.

ತೋಟದಲ್ಲಿ ಸೀಡರನ್ನು ಮುಖ್ಯವಾಗಿ ಬಳಸುವುದು ನೆಲಕ್ಕೆ ಹೊದಿಕೆಯಾಗಿ. ಚಕ್ಕೆಯನ್ನು ಗಿಡದ ಸುತ್ತ ಎರಡು ಮೂರು ಅಂಗುಲ ದಪ್ಪ ಹರಡಿ, ಕಾಂಡದ ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಇಲ್ಲಿ ಹೆಚ್ಚು ಪ್ರಯೋಜನ ಕಾಣುವುದು ಇರುವೆಗಳ ವಿಷಯದಲ್ಲಿ. ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ಅರ್ಜೆಂಟೀನಾ ಇರುವೆಗಳು ಕಂಪಿನ ಸೀಡರ್ ಹೊದಿಕೆಯಲ್ಲಿ ಗೂಡು ಮಾಡಲು ಒಲ್ಲೆ ಎಂದವು. ಇರುವೆ ದೂರವಾದರೆ ಗಿಡಕ್ಕೆ ಇನ್ನೊಂದು ಲಾಭವಿದೆ. ಸಸ್ಯಹೇನು, ಹಿಟ್ಟುತಿಗಣೆಗಳು ಸೂಸುವ ಸಿಹಿದ್ರವದ ಆಸೆಗೆ ಇರುವೆಗಳು ಅವಕ್ಕೆ ಕಾವಲು ನಿಂತು, ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕಾವಲು ತಪ್ಪಿದ ಕೂಡಲೇ ಗುಲಗಂಜಿ ಹುಳು ತನ್ನ ಕೆಲಸ ಶುರುಮಾಡುತ್ತದೆ.

ಇದರಾಚೆ ಅತಿಯಾದ ನಿರೀಕ್ಷೆ ಸಲ್ಲದು. ಕಂಪು ಎಂದರೆ ಗಾಳಿಗೆ ಹಾರುವ ಎಣ್ಣೆ. ಬಿಸಿಲು, ಮಳೆ, ಗಾಳಿಗೆ ಅದು ದಿನದಿನಕ್ಕೂ ಕಡಿಮೆಯಾಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಉಣ್ಣೆ ಬಟ್ಟೆ ಕಾಯುವ ಸೀಡರ್ ಹಲಗೆ ಕೂಡ ಕೆಲವು ವರ್ಷಗಳಲ್ಲಿ ಸಪ್ಪೆಯಾಗುತ್ತದೆ. ಅಲ್ಲಿಯೂ ಅದರ ಪೆಟ್ಟು ಬೀಳುವುದು ಮುಖ್ಯವಾಗಿ ಎಳೆಯ ಮರಿಹುಳುಗಳ ಮೇಲೆ, ಮೊಟ್ಟೆಯ ಮೇಲಲ್ಲ. ಬಯಲಿನ ತೋಟದಲ್ಲಿ ಅದಕ್ಕೂ ಬೇಗ. ಮೂಗಿಗೆ ವಾಸನೆ ಹತ್ತದ ಚಕ್ಕೆ ಕಳೆ ತಡೆಯುತ್ತದೆ, ತೇವ ಉಳಿಸುತ್ತದೆ, ಕೀಟ ತಡೆಯುವುದಿಲ್ಲ. ಹೊಸ ಚಕ್ಕೆಯನ್ನು ಮಣ್ಣಿನಲ್ಲಿ ಬೆರೆಸಲೂಬಾರದು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿಕೊಂಡು ಗಿಡ ಹಳದಿಯಾಗುತ್ತದೆ.

ಎಣ್ಣೆಯನ್ನು ನೀರಿಗೆ ಬೆರೆಸಿ ಸಿಂಪಡಿಸುವ ರೂಢಿಯೂ ಇದೆ. ಎಣ್ಣೆ ತಾಗಿದ ಮೆದು ಮೈಯ ಕೀಟ ಸಾಯುತ್ತದೆ. ಗುಲಗಂಜಿ ಹುಳುವಿನ ಮರಿಯೂ ಜೇನುನೊಣವೂ ಇದರಿಂದ ತಪ್ಪಿಸಿಕೊಳ್ಳಲಾರವು. ಹೂವು ಅರಳಿದ ಗಿಡಕ್ಕೆ ಸಿಂಪಡಿಸಬಾರದು. ಸುಡು ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟೀತು. ಮೊದಲು ನಾಲ್ಕೈದು ಎಲೆಗೆ ಹೊಡೆದು ಒಂದೆರಡು ದಿನ ಕಾಯುವುದು ಒಳ್ಳೆಯದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಸೀಡರ್ ಎಣ್ಣೆಯನ್ನು ಅತಿ ಕಡಿಮೆ ಅಪಾಯದ ಕೀಟನಾಶಕಗಳ ಪಟ್ಟಿಗೆ ಸೇರಿಸಿ ನೋಂದಣಿಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಅಪಾಯ ಕಡಿಮೆ ಎಂಬುದಕ್ಕೆ ಸಾಕ್ಷಿಯೇ ಹೊರತು, ಕೀಟ ಓಡುತ್ತದೆ ಎಂಬುದಕ್ಕಲ್ಲ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ. ಪಶ್ಚಿಮದ ಕೆಂಪು ಸೀಡರ್ ಕೊಯ್ಯುವ ಕಾರ್ಖಾನೆಗಳ ಕಾರ್ಮಿಕರಲ್ಲಿ ಅದರ ಧೂಳಿನ ಪ್ಲಿಕ್ಯಾಟಿಕ್ ಆಮ್ಲದಿಂದ ಉಬ್ಬಸ ಬರುವುದು ವೈದ್ಯಕೀಯದಲ್ಲಿ ಚೆನ್ನಾಗಿ ದಾಖಲಾಗಿದೆ. ಪುಡಿ ಎರಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಪೂರ್ವದ ಕೆಂಪು ಸೀಡರಿನ ಜೀವಂತ ಮರವಂತೂ ಸೇಬಿನ ತುಕ್ಕುರೋಗಕ್ಕೆ ಆಶ್ರಯ. ಸೇಬಿನ ತೋಟದ ಪಕ್ಕ ಅದನ್ನು ಬೆಳೆಸುವವರು ರೋಗವನ್ನೇ ಕರೆದಂತಾಗುತ್ತದೆ.

ಕರ್ನಾಟಕದ ಬಯಲುಸೀಮೆಯಲ್ಲಿ ದೇವದಾರು ಬೆಳೆಯುವುದಿಲ್ಲ, ತರಿಸಿಕೊಂಡರೆ ದುಬಾರಿ. ಮರಗೆಲಸದ ಅಂಗಡಿಯಲ್ಲಿ ಅದರ ಹೆರೆ ಸಿಕ್ಕರೆ ಕುಂಡಗಳ ಮೇಲೆ ಹರಡಬಹುದು, ಅಷ್ಟಕ್ಕೆ ಅದು ಒಳ್ಳೆಯದು. ಅದಕ್ಕಾಗಿ ಹಣ ಸುರಿಯಬೇಕಿಲ್ಲ. ಇಲ್ಲಿನ ಕೈತೋಟಕ್ಕೆ ಊರಿನ ಅಂಗಡಿಯಲ್ಲೇ ಸಿಗುವ ಬೇವಿನ ಹಿಂಡಿ ಇದಕ್ಕಿಂತ ಮೇಲು: ಅದು ಬೇರಿನ ಜಂತುಹುಳುವನ್ನು ತಡೆಯುತ್ತದೆ, ಕೊಳೆತಾಗ ಗಿಡಕ್ಕೆ ಗೊಬ್ಬರವೂ ಆಗುತ್ತದೆ.