ಎಲ್ಲ ಮರೆವೂ ಅರಳು-ಮರಳಲ್ಲ

(ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ – ಜುಲೈ 26)



ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಧರ್ಮಸಭೆ ಜುಲೈ 26ರಂದು ಸ್ಮರಿಸುತ್ತದೆ. ಈ ಹಬ್ಬಕ್ಕೆ ಹೊಂದಿಕೊಂಡಂತೆ, ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನಾಗಿ ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಸ್ಥಾಪಿಸಿದರು. ಅಂದು ನಾವು ಹಿರಿಯರಿಗೆ ಶಾಲು ಹೊದಿಸಿ, ಹೂ ಕೊಟ್ಟು ಗೌರವಿಸುತ್ತೇವೆ. ಆದರೆ ಮನೆಗೆ ಮರಳಿದ ಮೇಲೆ?

ಜಪಸರ ಹಿಡಿದು ಕುಳಿತ ಅಜ್ಜಿ ಎಣಿಕೆ ತಪ್ಪುತ್ತಾರೆ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆ. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುತ್ತಾರೆ. 'ಅರವತ್ತಕ್ಕೆ ಅರಳು-ಮರಳು' ಎಂದು ನಾವು ನಕ್ಕು ಸುಮ್ಮನಾಗುತ್ತೇವೆ, ಕೆಲವೊಮ್ಮೆ ಗದರಿಸುತ್ತೇವೆ. ಆ ನಗುವಿನಲ್ಲಿ ಅವರಿಗೆ ಸಿಗಬೇಕಾದ ಚಿಕಿತ್ಸೆಯೇ ತಪ್ಪಿಹೋಗಬಹುದು.

ಮರೆವಿನ ರೋಗವೆಂದರೆ 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ವಿವರಿಸಿದ ಕಾಯಿಲೆಯೇ ನಮಗೆ ನೆನಪಾಗುತ್ತದೆ. ಅದರಲ್ಲಿ ಮಿದುಳಿನ ಜೀವಕೋಶಗಳೇ ನಶಿಸುತ್ತವೆ. ಆದರೆ ಕೆಲವರಲ್ಲಿ ತೊಂದರೆಯ ಬೇರು ಇರುವುದು ದೇಹದ ಚಯಾಪಚಯ ಕ್ರಿಯೆಯಲ್ಲಿ. ಮಿದುಳು ನಮ್ಮ ತೂಕದಲ್ಲಿ ಸುಮಾರು ಶೇಕಡ 2ರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20ರಷ್ಟನ್ನು ಅದೇ ಬಳಸುತ್ತದೆ. ಆದುದರಿಂದ ರಕ್ತದಲ್ಲಿ ಏರುಪೇರಾದರೆ ಬುದ್ಧಿ ಮಂಕಾಗುತ್ತದೆ.

ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತರೆ ಮರೆವಿನ ಜೊತೆಗೆ ಚಳಿ, ಸುಸ್ತು, ಮಲಬದ್ಧತೆ ಕಾಣಿಸುತ್ತವೆ. ಬಿ-12 ಜೀವಸತ್ವ ಕಡಿಮೆಯಾದರೆ ಕಾಲು ಜೋಮು ಹಿಡಿದು ನಡಿಗೆ ತಪ್ಪುತ್ತದೆ. ವಯಸ್ಸಾದವರ ಹೊಟ್ಟೆ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಕೊರತೆ ಬರಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯಿಂದ ಕೆಲವರಿಗೆ ರಕ್ತದ ಸೋಡಿಯಂ ಇಳಿಯುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡ ಕೆಟ್ಟರೆ ಕಶ್ಮಲ ರಕ್ತದಲ್ಲೇ ಉಳಿಯುತ್ತದೆ. ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಬಿ-1 ಜೀವಸತ್ವ ಬರಿದಾಗಿ ನೆನಪು ಅಳಿಯುತ್ತದೆ.

ನಾವು ಮಾಡಬೇಕಾದುದೇನು? ಮರೆವು ಯಾವಾಗ ಶುರುವಾಯಿತು ಎಂದು ಬರೆದಿಟ್ಟು, ಅವರು ನುಂಗುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಕರೆದೊಯ್ಯಬೇಕು. ಸಾಮಾನ್ಯ ರಕ್ತಪರೀಕ್ಷೆಗಳಿಂದಲೇ ಈ ಕಾರಣಗಳಲ್ಲಿ ಹೆಚ್ಚಿನವು ತಿಳಿಯುತ್ತವೆ. ನಾವಾಗಿಯೇ ಮಾತ್ರೆ ನಿಲ್ಲಿಸುವುದು, ಉಪ್ಪು ತಿನ್ನಿಸುವುದು ಬೇಡ. ಗೊಂದಲ ಒಂದೆರಡು ದಿನಗಳಲ್ಲೇ ದಿಢೀರನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಬೆವರಿ ತೊದಲಿದರೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಕೂಡಲೇ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು.

ಎಲ್ಲರೂ ಮೊದಲಿನಂತಾಗುತ್ತಾರೆ ಎನ್ನಲಾಗದು. ಎಷ್ಟೋ ಸಲ ಆಲ್ಜೈಮರ್ ರೋಗವೂ ಈ ಕೊರತೆಗಳೂ ಒಟ್ಟಿಗೇ ಇರುತ್ತವೆ. ತಡವಾದರೆ ಹಾನಿ ಶಾಶ್ವತವಾಗಬಹುದು. ಬೇಗ ಹೋದವರಲ್ಲಿ ಕೆಲವರು ಮಾತ್ರೆ, ಚುಚ್ಚುಮದ್ದಿನಿಂದಲೇ ಚೇತರಿಸಿಕೊಳ್ಳುತ್ತಾರೆ.

ತಂದೆಯ ಬುದ್ಧಿ ಕುಂದಿದಾಗಲೂ ಅವನನ್ನು ಹಗುರವಾಗಿ ಕಾಣಬಾರದೆಂದು ಸಿರಾಖನ ಗ್ರಂಥದ 3ನೇ ಅಧ್ಯಾಯ ನಮಗೆ ಬೋಧಿಸುತ್ತದೆ. ಗುಣವಾಗುವ ಮರೆವಿಗೆ ಮದ್ದು ಕೊಡಿಸೋಣ. ಗುಣವಾಗದ ಮರೆವಿಗೆ ತಾಳ್ಮೆ ತೋರೋಣ. ನಮ್ಮ ಹೆಸರನ್ನೇ ಅವರು ಮರೆತರೂ, ಅವರ ಹೆಸರು ದೇವರಿಗೆ ಮರೆತಿಲ್ಲ. ಈ ಹಬ್ಬದ ಸಂಜೆ ಅಜ್ಜಿಯ ಪಕ್ಕ ಕುಳಿತು ಜಪಸರದ ಎಣಿಕೆಯನ್ನು ನಾವೇ ಹಿಡಿಯೋಣ.