ಕುಸ್ತಿ ಸುಳ್ಳಿರಬಹುದು, ಪೈಲ್ವಾನ ಸುಳ್ಳಲ್ಲ!

‘ಅದೆಲ್ಲಾ ಬರೀ ನಾಟ್ಕ ತಾತ! ಯಾರು ಗೆಲ್ಬೇಕು ಅಂತ ಮೊದ್ಲೇ ಬರ್ದಿಟ್ಟಿರ್ತಾರೆ!’

ಟಿ.ವಿ.ಯಲ್ಲಿ ಕುಸ್ತಿ ನೋಡುವ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಮೈಸೂರಿನಂಥ ಊರಿನಲ್ಲಂತೂ ಈ ಜಗಳಕ್ಕೆ ಇನ್ನೊಂದಿಷ್ಟು ಖಾರ ಜಾಸ್ತಿ. ಇದು ಗರಡಿ ಮನೆಗಳ ಊರು. ದಸರಾ ಹತ್ತಿರ ಬಂತೆಂದರೆ ಜೋಡಿ ಕಟ್ಟುವ ಗಲಾಟೆ, ಮಾರ್ಫಿಟ್ ಕುಸ್ತಿಯ ಮಾತು. ಮಟ್ಟಿಯ ಮಣ್ಣು ಮೈಗೆ ಮೆತ್ತಿಕೊಂಡು ಬೆಳೆದವರ ಮುಂದೆ ಟಿಕೆಟ್ಟಿನ ‘ಫ್ರೀಸ್ಟೈಲ್’ ಕುಸ್ತಿಯನ್ನು ಹೊಗಳಿದರೆ ಸಿಕ್ಕುವುದು ನಗುವೇ ಹೊರತು ಮರ್ಯಾದೆಯಲ್ಲ.

ಮೊಮ್ಮಗ ಹೇಳಿದ್ದು ಸುಳ್ಳೂ ಅಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕುಸ್ತಿ ಕಂಪೆನಿಯವರೇ ಶಾಸಕರ ಮುಂದೆ ನಿಂತು, ‘ನಮ್ಮದು ಸ್ಪರ್ಧೆಯಲ್ಲ, ಮನರಂಜನೆ’ ಎಂದು ಒಪ್ಪಿಕೊಂಡರು. ಕ್ರೀಡಾ ಆಯೋಗದ ಕಟ್ಟುಪಾಡು ತಪ್ಪಿಸಿಕೊಳ್ಳಲು ಅವರಿಗೆ ಅಷ್ಟು ಸಾಕಿತ್ತು. ಪೈಲ್ವಾನರು ದಶಕಗಳ ಕಾಲ ಹೆಂಡತಿ ಮಕ್ಕಳಿಗೂ ಬಾಯಿಬಿಡದೆ ಕಾಪಾಡಿದ ಗುಟ್ಟನ್ನು ಮಾಲೀಕರೇ ಬಯಲಿಗೆಳೆದರು!

ಹಾಗಾದರೆ ಐವತ್ತು ಅರವತ್ತು ವರ್ಷ ಇದನ್ನೇ ಹಚ್ಚಿಕೊಂಡು ಕೂತವನು ಮೂರ್ಖನೆ? ಹಳೇ ಅಭಿಮಾನಿ ಹಾಗೆಲ್ಲ ಸುಲಭಕ್ಕೆ ಚಿತ್ ಆಗುವ ಆಸಾಮಿಯಲ್ಲ. ‘ನಾಟ್ಕ ಅಂತೀಯಲ್ಲೋ ಮಗಾ, ನಾಲ್ಕು ಕುಸ್ತಿ ಹೇಳ್ತೀನಿ ಕೇಳು, ಆಮೇಲೆ ಮಾತಾಡು’ ಎಂದು ಬೆರಳು ಮಡಚಲು ಕೂತುಬಿಡುತ್ತಾನೆ. ಆ ನಾಲ್ಕರಲ್ಲಿ ಒಂದು ಅಪ್ಪಟ ನಿಜ, ಒಂದು ಮಾತಾಡಿಕೊಂಡದ್ದು, ಒಂದು ಮಾತು ಮುರಿದದ್ದು, ಕೊನೆಯದು ಮುರಿದದ್ದನ್ನು ಮತ್ತೆ ಕೂಡಿಸಿದ್ದು.

ಲಂಡನ್ನಿನಲ್ಲಿ ಬೋರಲು ಬಿದ್ದ ಭೂಪ

ಮೊದಲನೆಯದನ್ನು ಈಗ ಬದುಕಿರುವವರು ಯಾರೂ ಕಂಡಿಲ್ಲ. ಉಸ್ತಾದರು ಶಿಷ್ಯರಿಗೆ, ಅಪ್ಪಂದಿರು ಮಕ್ಕಳಿಗೆ ಹೇಳಿಕೊಂಡು ಬಂದದ್ದು.

1910ರಲ್ಲಿ ಬಂಗಾಳದ ಸಿರಿವಂತ ಶರತ್ ಕುಮಾರ್ ಮಿತ್ರರ ದುಡ್ಡಿನಲ್ಲಿ ಗಾಮಾ ಪೈಲ್ವಾನ ಲಂಡನ್ನಿಗೆ ಹೋದ. ಜೊತೆಗೆ ತಮ್ಮ ಇಮಾಂ ಬಕ್ಷ್. ಈತ ಗಿಡ್ಡ ಎಂದು ಅಲ್ಲಿನ ಪಂದ್ಯಾವಳಿಯವರು ಒಳಗೇ ಸೇರಿಸಲಿಲ್ಲ. ಗಾಮಾ ಸುಮ್ಮನಿರಲಿಲ್ಲ. ಯಾರು ಬೇಕಾದರೂ ಬನ್ನಿ ಎಂದು ಸವಾಲೆಸೆದ. ಅಮೆರಿಕದ ಡಾಕ್ಟರ್ ರೋಲರ್ ಬಂದ. ಮೊದಲ ಸಲ ಎರಡು ನಿಮಿಷವೂ ನಿಲ್ಲದೆ ನೆಲ ಕಂಡ.

ಆಮೇಲೆ ಸೆಪ್ಟೆಂಬರ್ 10ರಂದು ಎದುರಾದವನು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ. ಪಣ 250 ಪೌಂಡು ಮತ್ತು ಜಾನ್ ಬುಲ್ ಪಟ್ಟಿ. ಕುಸ್ತಿ ಶುರುವಾದ ಕೂಡಲೇ ಗಾಮಾ ಅವನನ್ನು ಕೆಳಗೆ ಕೆಡವಿದ. ಆದರೆ ಚಿತ್ ಮಾಡಲಾಗಲಿಲ್ಲ. ಜಿಬಿಸ್ಕೋ ಬೋರಲು ಬಿದ್ದು ಚಾಪೆಯನ್ನು ಉಡದಂತೆ ಕಚ್ಚಿಕೊಂಡ. ಎರಡೂವರೆ ಗಂಟೆ ಕಳೆದರೂ ಏಳಲಿಲ್ಲ! ಪ್ರೇಕ್ಷಕರಿಗೆ ಬೇಸರ, ಗಾಮಾಗೆ ಸಿಟ್ಟು. ಕೊನೆಗೆ ಸಮ ಸಮ ಎಂದರು. ಒಂದು ವಾರ ಬಿಟ್ಟು ಮತ್ತೆ ಕುಸ್ತಿ ಎಂದು ಗೊತ್ತಾಯಿತು. ಗಾಮಾ ಬಂದ, ಜಿಬಿಸ್ಕೋ ಬರಲೇ ಇಲ್ಲ. ಪಟ್ಟಿ ಗಾಮಾನ ಸೊಂಟಕ್ಕೆ ಬಂತು.

ಹದಿನೆಂಟು ವರ್ಷದ ನಂತರ, 1928ರ ಜನವರಿಯಲ್ಲಿ, ಪಟಿಯಾಲದ ಮಹಾರಾಜರು ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದರು. ಗಾಮಾಗೆ ಆಗ ಸುಮಾರು ಐವತ್ತು. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ, ಜಿಬಿಸ್ಕೋ ಚಿತ್!

ಈ ಜಿಬಿಸ್ಕೋ ಅಂಜುಬುರುಕ ಎಂದು ತಿಳಿದರೆ ತಪ್ಪು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ ವೇಯ್ನ್ ಮನ್ ಎಂಬ ಚಾಂಪಿಯನ್ನನಿಗೆ ಸೋಲಬೇಕೆಂದು ಇವನಿಗೆ ಮಾತಾಗಿತ್ತು. ಆ ಮನ್ ಫುಟ್‌ಬಾಲ್ ಆಡುತ್ತಿದ್ದವನು; ದೇಹವಿತ್ತು, ಪಟ್ಟು ಗೊತ್ತಿರಲಿಲ್ಲ. ಜಿಬಿಸ್ಕೋ ಅಖಾಡಕ್ಕಿಳಿದು ಮಾತನ್ನೇ ಮರೆತುಬಿಟ್ಟ. ಚಾಂಪಿಯನ್ನನನ್ನು ನಿಜವಾಗಿಯೇ ಉರುಳಿಸಿ ಪಟ್ಟ ಕಿತ್ತುಕೊಂಡ. ದುಡ್ಡು ಹೂಡಿದವರು ಬಾಯಿ ಬಾಯಿ ಬಡಿದುಕೊಂಡರು.

ಅಭಿಮಾನಿಯ ವಾದ ಇಲ್ಲಿಂದಲೇ ಶುರು. ಬರೆದಿಟ್ಟ ಕುಸ್ತಿ ಬರೆದ ಹಾಗೇ ನಡೆಯಬೇಕಾದರೆ, ಒಳಗಿರುವ ಇಬ್ಬರೂ ಒಪ್ಪಬೇಕು. ಅವರಲ್ಲೊಬ್ಬನಿಗೆ ಮನಸ್ಸು ತಿರುಗಿತೋ, ಕಾಗದದ ಚಾಂಪಿಯನ್ ಕಾಗದವಾಗಿಯೇ ಉಳಿಯುತ್ತಾನೆ.

ದಾರಾಸಿಂಗ್ ಕಾಲ

ಎರಡನೆಯದು ದಾರಾಸಿಂಗನದು. ಮೈ ಬೆಳೆಸಿಕೊಂಡ ಹುಡುಗ ಬೀದಿಗೆ ಬಂದರೆ ‘ಏನಪ್ಪಾ, ದೊಡ್ಡ ದಾರಾಸಿಂಗಾ?’ ಎಂದು ಕೇಳದ ಊರು ಕರ್ನಾಟಕದಲ್ಲಿಲ್ಲ. ಅಮೃತಸರ ಜಿಲ್ಲೆಯ ಧರ್ಮೂಚಕ್ಕಿನ ರೈತರ ಹುಡುಗ. ಹೊಟ್ಟೆಪಾಡಿಗೆ ಸಿಂಗಪುರಕ್ಕೆ ಹೋಗಿ, ಅಲ್ಲಿ ಡ್ರಮ್ಮು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಾ ಕುಸ್ತಿ ಕಲಿತವನು. ಬೆಟ್ಟದಂಥ ಕಿಂಗ್‌ಕಾಂಗ್ ಜೊತೆ ಈತನ ಜೋಡಿ ಊರೂರಿನಲ್ಲಿ ಟಿಕೆಟ್ ಮಾರಿತು. ಕಿಂಗ್‌ಕಾಂಗನ ನಿಜವಾದ ಹೆಸರು ಎಮಿಲ್ ಚಾಯಾ. ಇಬ್ಬರೂ ರಾತ್ರಿ ಜಗಳವಾಡಿ ಹಗಲು ಊಟ ಮಾಡಿದವರೇ. ಅದು ಗುಟ್ಟಲ್ಲ.

1959ರಲ್ಲಿ ಕಲ್ಕತ್ತೆಯಲ್ಲಿ ಕೆನಡಾದ ಜಾರ್ಜ್ ಗೋರ್ಡಿಯೆಂಕೋನನ್ನು ಸೋಲಿಸಿ ದಾರಾ ಕಾಮನ್‌ವೆಲ್ತ್ ಚಾಂಪಿಯನ್ ಆದ. ಆದರೆ ಅಭಿಮಾನಿ ಬೆರಳು ಮಡಚುವುದು 1968ರ ಮೇ 29ರ ಬೊಂಬಾಯಿ ಕುಸ್ತಿಗೆ. ಎದುರಾಳಿ ಅಮೆರಿಕದ ಲೂ ಥೆಸ್. ಹಲವು ಸಲ ವಿಶ್ವ ಚಾಂಪಿಯನ್ ಎನಿಸಿಕೊಂಡವನು, ಆಗ 52ರ ಹಿರಿಯ. ದಾರಾ ಗೆದ್ದ, ದೇಶವೆಲ್ಲ ವಿಶ್ವ ಚಾಂಪಿಯನ್ ಎಂದು ಕೂಗಿತು.

ಥೆಸ್ ಸೋತದ್ದು ಒಪ್ಪಂದದ ಮೇಲೆಯೇ ಇರಬಹುದು. ಆದರೆ ಎಂಥವನಿಗೆ ಸೋಲಲು ಒಪ್ಪಿದ ನೋಡಿ! ಈ ಥೆಸ್ ಮನಸ್ಸು ಮಾಡಿದರೆ ಎದುರಿನವನ ಕೈಕಾಲು ತಿರುಚಿ ಕೂರಿಸಬಲ್ಲ ಘಾಟಿ. ಪಟ್ಟು ಗೊತ್ತಿಲ್ಲದ ಬರೀ ಮೈಕಟ್ಟಿನ ಆಳುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಂಥವನು, ದಾರಾ ಅಸಲೀ ಕುಸ್ತಿಪಟು, ಅವನಿಗೆ ಸೋಲಲು ತನಗೆ ಅಡ್ಡಿಯಿರಲಿಲ್ಲ ಎಂದು ಹೇಳಿದ. ‘ಸೋಲು ಮಾತಾಡ್ಕೊಂಡಿದ್ದು ಸರಿ. ಆ ಮಾತು ಮಾತ್ರ ಮಾತಾಡ್ಕೊಂಡಿದ್ದಲ್ಲ’ ಎನ್ನುವುದು ಅಭಿಮಾನಿಯ ಪಟ್ಟು.

ದಾರಾ ಮುಂದೆ ಸಿನಿಮಾದಲ್ಲಿ ದುಡಿದ. 1987ರಲ್ಲಿ ದೂರದರ್ಶನದ ರಾಮಾಯಣ ಶುರುವಾಗಿ ಆತ ಹನುಮಂತನಾಗಿ ಬಂದಾಗ ಭಾನುವಾರ ಬೆಳಿಗ್ಗೆ ನಮ್ಮ ಬೀದಿಗಳೂ ಖಾಲಿ. 2012ರ ಜುಲೈ 12ರಂದು ತೀರಿಕೊಂಡ.

ಕರಾಚಿಯ ಕರಾಳ ರಾತ್ರಿ

ಮೂರನೆಯದನ್ನು ಹೇಳುವಾಗ ಧ್ವನಿ ತಗ್ಗುತ್ತದೆ. ಇಷ್ಟದ ಕುಸ್ತಿ ಎನ್ನಲೂ ಬಾರದು, ಮರೆಯಲೂ ಬಾರದು.

ಜಪಾನಿನ ಆಂಟೋನಿಯೋ ಇನೋಕಿ 1976ರ ಜೂನ್ 26ರಂದು ಟೋಕಿಯೋದಲ್ಲಿ ಬಾಕ್ಸರ್ ಮಹಮ್ಮದ್ ಅಲಿಯ ಎದುರು ನಿಂತ, ಅಲ್ಲ, ಮಲಗಿದ! ಬೆನ್ನ ಮೇಲೆ ಬಿದ್ದುಕೊಂಡೇ 15 ಸುತ್ತು ಅಲಿಯ ಕಾಲಿಗೆ ಒದ್ದ. ಪಂದ್ಯ ಡ್ರಾ. ಜನ ಬೈದರು, ಅಲಿಯ ಕಾಲು ಆಸ್ಪತ್ರೆ ಸೇರಿತು.

ಅದೇ ವರ್ಷ ಡಿಸೆಂಬರ್ 12ರಂದು ಇನೋಕಿ ಕರಾಚಿಗೆ ಬಂದ. ಎದುರಾಳಿ ಅಕ್ರಂ ಪೈಲ್ವಾನ್. ಯಾರೀತ? ಲಂಡನ್ನಿಗೆ ಗಾಮಾನ ಜೊತೆ ಹೋಗಿದ್ದ ತಮ್ಮ ಇಮಾಂ ಬಕ್ಷನ ಮಗ. ದೇಶ ಇಬ್ಭಾಗವಾದ ಮೇಲೆ ಆ ಮನೆತನ ಪಾಕಿಸ್ತಾನದಲ್ಲೇ ಉಳಿದಿತ್ತು. ಇಡೀ ಊರು ಕ್ರೀಡಾಂಗಣದಲ್ಲಿತ್ತು. ಗಾಮಾನ ವಂಶ ಸೋಲುವುದು ಅಲ್ಲಿನ ಜನಕ್ಕೆ ಕನಸಲ್ಲೂ ಬಾರದ ಮಾತು.

ಎಂದಿನ ಹಾಗೆ ಮಾತಾಡಿಕೊಂಡ ಆಟವೆಂದೇ ಜಪಾನಿನವರು ಬಂದಿದ್ದರಂತೆ. ಅಖಾಡದಲ್ಲಿ ಯಾವ ಮಾತೂ ಉಳಿಯಲಿಲ್ಲ, ಕುಸ್ತಿ ನಿಜವಾಗಿಬಿಟ್ಟಿತು. ಮೂರನೇ ಸುತ್ತಿನಲ್ಲಿ ಇನೋಕಿ ಅಕ್ರಮನ ಕೈಯನ್ನು ಬೆನ್ನಿನತ್ತ ತಿರುಚಿ ಹಿಡಿದ. ಬಿಡು ಎಂದು ಅಕ್ರಂ ಕೇಳಲಿಲ್ಲ. ಗಾಮಾನ ಮನೆಯವನು ಹೇಗೆ ಕೇಳಿಯಾನು? ಭುಜದ ಕೀಲು ತಪ್ಪಿತು, ಕುಸ್ತಿ ನಿಂತಿತು, ಕ್ರೀಡಾಂಗಣ ಮಸಣದಂತಾಯಿತು.

ಈಗ ಆ ಚಿತ್ರ ಮೊಬೈಲಿನಲ್ಲೇ ಸಿಕ್ಕುತ್ತದೆ. ನೋಡಿದವರಿಗೆ ಒಂದು ಮಾತು ಅರ್ಥವಾಗುತ್ತದೆ. ‘ಸುಳ್ಳು ಕುಸ್ತಿ’ ಎಂದು ನಗುತ್ತೇವಲ್ಲ, ಆ ಸುಳ್ಳು ಇಬ್ಬರ ಮೂಳೆ ಕಾಯುವ ಕಾವಲು. ಒಬ್ಬನು ತನ್ನ ಕತ್ತು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಆತ ಅದನ್ನು ಮುರಿಯದೆ ವಾಪಸು ಕೊಡುತ್ತಾನೆ. ಈ ನಂಬಿಕೆ ಹೋದ ದಿನ ಏನಾಗುತ್ತದೆ ಎಂಬುದಕ್ಕೆ ಕರಾಚಿಯೇ ಸಾಕ್ಷಿ.

ಎತ್ತಿದ ಕೈ

ನಾಲ್ಕನೆಯದು ಆ ಸೇಡಿನ ಕತೆ. ಮನೆತನದ ಮಾನ ಉಳಿಸಲು ಅಕ್ರಮನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಅಸ್ಲಮನ ಮಗ ಜುಬೇರನನ್ನು ಸಾಮಿಗೆ ಹಾಕಿದರು. ಜನ ಕರೆಯುತ್ತಿದ್ದುದು ಝಾರಾ ಎಂದು. 1979ರ ಜೂನ್ 17ರಂದು ಲಾಹೋರಿನ ಗಡಾಫಿ ಕ್ರೀಡಾಂಗಣದಲ್ಲಿ ಇನೋಕಿಯ ಎದುರು ನಿಂತಾಗ ಆ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಐದು ಸುತ್ತು ನಡೆಯಿತು. ಝಾರಾ ಜಗ್ಗಲಿಲ್ಲ. ಇಬ್ಬರಲ್ಲಿ ಯಾರೂ ಬೀಳಲಿಲ್ಲ. ಕಾಲ ಮುಗಿದಾಗ ಇನೋಕಿ ತಾನಾಗಿಯೇ ಹುಡುಗನ ಕೈ ಹಿಡಿದು ಮೇಲೆತ್ತಿದ. ಕ್ರೀಡಾಂಗಣ ಹುಚ್ಚೆದ್ದು ಕುಣಿಯಿತು. ಚಿಕ್ಕಪ್ಪನ ಭುಜ ತಪ್ಪಿಸಿದ ಕೈಯೇ ಮಗನ ಕೈಯನ್ನು ಎತ್ತಿ ಹಿಡಿದಿತ್ತು.

‘ಅದೂ ಮೊದ್ಲೇ ಮಾತಾಡ್ಕೊಂಡಿದ್ದೇ ಇರ್ಬೇಕು’ ಎನ್ನುವವರು ಇದ್ದೇ ಇದ್ದಾರೆ. ಇರಲಿ. ಪಾಕಿಸ್ತಾನಕ್ಕೆ ಬಂದವನು ಜೀವ ಉಳಿಸಿಕೊಂಡು ಹೋಗಬೇಕಿತ್ತು ಎಂದೂ ಹೇಳಬಹುದು. ಹಳೇ ಅಭಿಮಾನಿ ಇದಕ್ಕೆ ಜಗಳ ಕಾಯುವುದಿಲ್ಲ, ಮುಂದಿನ ಕತೆ ಕೇಳಿ ಎನ್ನುತ್ತಾನೆ.

ಝಾರಾ ಬಹಳ ದಿನ ಬದುಕಲಿಲ್ಲ. 1991ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಹೋಗಿಬಿಟ್ಟ. ಇನೋಕಿ ಜಪಾನಿನ ಸಂಸತ್ ಸದಸ್ಯನಾದ, ಮುದುಕನಾದ, 2022ರ ಅಕ್ಟೋಬರ್ 1ರಂದು ತೀರಿಕೊಂಡ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿದ. ಲಾಹೋರಿನ ಕುಸ್ತಿ ನಡೆದು ಸುಮಾರು ಮೂವತ್ತೈದು ವರ್ಷದ ನಂತರ, ಅದೇ ಝಾರಾನ ಮನೆಯ ಹುಡುಗನೊಬ್ಬನನ್ನು ಜಪಾನಿಗೆ ಕರೆಸಿಕೊಂಡು ಕುಸ್ತಿ ಕಲಿಯಲು ನೆರವಾದ.

ಯಾರು ಗೆಲ್ಲಬೇಕು, ಎಷ್ಟು ನಿಮಿಷಕ್ಕೆ ಗೆಲ್ಲಬೇಕು ಎಂದು ಕಂಪೆನಿಯವರು ಕಾಗದದಲ್ಲಿ ಬರೆದುಕೊಟ್ಟಾರು. ಕೈ ಎತ್ತು ಎಂದೂ ಬರೆದುಕೊಟ್ಟಿರಬಹುದು. ಟಿಕೆಟ್ ಮಾರಾಟವೆಲ್ಲ ಮುಗಿದು, ನೋಡುವವರು ಮನೆ ಸೇರಿ, ಮೂರೂವರೆ ದಶಕ ಕಳೆದ ಮೇಲೆ ಎದುರಾಳಿಯ ಮನೆಯ ಹುಡುಗನನ್ನು ಕರೆದು ಕಲಿಸು ಎಂದು ಮಾತ್ರ ಇನೋಕಿಗೆ ಯಾರೂ ಬರೆದುಕೊಟ್ಟಿರಲಿಲ್ಲ.