ಮಲೇರಿಯಾದ ಕಪ್ಪು ಕಣದ ಬೆನ್ನು ಹತ್ತಿ

“ನೋಡಿ ಸರ್, ಉಂಗುರ ಕಾಣ್ತದಾ?” ಮಂಗಳೂರಿನ ಕಂಕನಾಡಿ ಬದಿಯ ಲ್ಯಾಬ್ ಒಂದರಲ್ಲಿ ಟೆಕ್ನೀಷಿಯನ್ ಫೋಕಸ್ ಸರಿಮಾಡಿ ಸ್ಟೂಲ್ ಬಿಟ್ಟುಕೊಟ್ಟರು. ಕಣ್ಣಿಟ್ಟರೆ ತಿಳಿಗುಲಾಬಿ ರಕ್ತಕಣಗಳು ಒತ್ತೊತ್ತಾಗಿ ಹರಡಿವೆ. ಒಂದರೊಳಗೆ ಮಾತ್ರ ತೆಳು ನೀಲಿ ವೃತ್ತ, ಅದರ ಅಂಚಿನಲ್ಲಿ ಕೆಂಪು ಚುಕ್ಕೆ. ಥೇಟ್ ಹರಳಿನುಂಗುರ! ಮಲೇರಿಯಾದ ವೈವ್ಯಾಕ್ಸ್ ಪರಾವಲಂಬಿ ಅದು.

ಆ ಕೆಂಪು ಚುಕ್ಕೆಯಿಂದ ಕಣ್ಣು ಕೀಳಲು ಮನಸ್ಸಾಗಲಿಲ್ಲ. ನಮ್ಮ ಕೆಂಪು ರಕ್ತಕಣ ಬಲಿಯುವ ಹೊತ್ತಿಗೆ ತನ್ನ ಕೋಶಕೇಂದ್ರವನ್ನು ಕಳೆದುಕೊಂಡಿರುತ್ತದೆ. ಹಾಗಿದ್ದೂ ಅದರೊಳಗೆ ಕೋಶಕೇಂದ್ರ ಕಂಡಿತೆಂದರೆ ಅದು ಒಳಹೊಕ್ಕ ಬೇರೊಂದು ಜೀವಕೋಶದ್ದೇ. ಜೀವಕೋಶ ಸಿದ್ಧಾಂತವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಗಾಜಿನ ತುಂಡನ್ನು ನಾನು ಕಂಡಿಲ್ಲ.

ಪಠ್ಯದ ಕತೆ ಎಲ್ಲರಿಗೂ ಗೊತ್ತು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು. ಲೇವನ್‌ಹುಕ್ ಒಂಟಿ ಮಸೂರದಲ್ಲಿ ರಕ್ತಕಣಗಳನ್ನೂ ಜೀವಾಣುಗಳನ್ನೂ ನೋಡಿದ. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಶ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಸಾರಿದರು. ಕೋಶದಿಂದಲೇ ಕೋಶ ಹುಟ್ಟುತ್ತದೆ ಎಂಬ ಮಾತಿನ ಕೀರ್ತಿ ವಿರ್ಕೋಗೆ ಸಂದಿದೆ. ಆದರೆ ಕೋಳಿಯ ಭ್ರೂಣದ ರಕ್ತಕಣಗಳು ಇಬ್ಭಾಗವಾಗುವುದನ್ನು ಅವನಿಗಿಂತ ಮೊದಲೇ ಕಂಡವನು ರಾಬರ್ಟ್ ರೆಮಾಕ್. ಪಾಠಪುಸ್ತಕಗಳು ಅವನಿಗೆ ಕೊಟ್ಟ ಜಾಗ ತೀರಾ ಕಡಿಮೆ.

ವಿರ್ಕೋ ನನಗೆ ಮುಖ್ಯನಾಗುವುದು ಇನ್ನೊಂದು ಕಾರಣಕ್ಕೆ. ಮಲೇರಿಯಾ ರೋಗಿಯ ರಕ್ತದಲ್ಲಿ ಕಪ್ಪು ಕಣಗಳಿರುವುದನ್ನು 1847ರಲ್ಲಿ ಮೆಕೆಲ್ ಗುರುತಿಸಿದ್ದ. ವಿರ್ಕೋ ಕೂಡ ಅವನ್ನು ಕಂಡ. ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಜೀರ್ಣಿಸಿಕೊಳ್ಳುವಾಗ ಉಳಿಯುವ ವಿಷವನ್ನು ಕರಗದ ಹರಳಾಗಿ ಕಟ್ಟಿಡುತ್ತದೆ. ಅದೇ ಈ ಕಪ್ಪು ಕಣ. ಕಸ ಕಣ್ಣಿಗೆ ಬಿತ್ತು, ಕಸ ಹಾಕಿದವನು ಸಿಗಲಿಲ್ಲ.

ಮುಂದಿನದ್ದೆಲ್ಲ ಈ ಕಣದ ಬೆನ್ನು ಹತ್ತಿದವರ ಕತೆ. ಅಲ್ಜೀರಿಯಾದ ಕಾನ್‌ಸ್ಟಂಟೈನ್‌ನಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ 1880ರ ನವೆಂಬರ್ 6ರಂದು ಸೈನಿಕನೊಬ್ಬನ ರಕ್ತ ನೋಡುತ್ತಿದ್ದ. ಬಣ್ಣ ಹಾಕದ ಹಸಿರಕ್ತ. ಕಪ್ಪು ಕಣ ತುಂಬಿದ ಗುಂಡಗಿನ ಕಾಯವೊಂದರಿಂದ ಎಳೆಗಳು ಹೊರಬಂದು ಚಡಪಡಿಸಿದವು. ಕಸದ ಒಡೆಯ ಸಿಕ್ಕಿಬಿದ್ದ! ಬೆಂಗಳೂರಿನಲ್ಲಿ ಕಾಲರಾ ಕೆಲಸ ಮಾಡಿ ಸಿಕಂದರಾಬಾದ್‌ಗೆ ಹೋದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅಪರಿಚಿತ ಕೋಶಗಳನ್ನು ಕಂಡ. ಅವು ಮಲೇರಿಯಾದವೆಂದು ಅವನಿಗೆ ಹೊಳೆದದ್ದೂ ಒಳಗಿದ್ದ ಅದೇ ಕಪ್ಪು ಕಣಗಳಿಂದ.

ನಾನು ನೋಡಿದ ಸ್ಲೈಡಿನ ಬಣ್ಣಕ್ಕೂ ನಮ್ಮದೇ ಚರಿತ್ರೆ ಉಂಟು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ಪ್ರಕಟಿಸಿದ, ನೀರಿನಲ್ಲೇ ಕರಗುವ ಜೆಎಸ್‌ಬಿ ಬಣ್ಣ ಅದು. ಸ್ಲೈಡನ್ನು ಇಯೋಸಿನ್‌ನಲ್ಲಿ ಅದ್ದಿ ತೊಳೆದು, ನೀಲಿಯಲ್ಲಿ ಅರ್ಧ ನಿಮಿಷದಷ್ಟು ಇಟ್ಟು, ಮತ್ತೆ ತೊಳೆದು ಒಣಗಿಸುತ್ತಾರೆ. ಆಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ನೂರರ ಲೆನ್ಸ್ ಇಳಿಸಿ, ಸಾವಿರ ಪಟ್ಟು ಹಿಗ್ಗಿಸಿ ನೋಡುತ್ತಾರೆ. ದಪ್ಪ ಲೇಪದಲ್ಲಿ ಪರಾವಲಂಬಿ ಇದೆಯೇ ಎಂದು ಹುಡುಕುತ್ತಾರೆ. ಯಾವ ಜಾತಿ ಎಂಬುದನ್ನು ತೆಳು ಲೇಪ ಹೇಳುತ್ತದೆ.

ಮಂಗಳೂರಿಗೆ ಇದು ದೂರದ ಚರಿತ್ರೆಯಲ್ಲ. ಕಟ್ಟಡ ಕಾಮಗಾರಿಯಲ್ಲಿ ನಿಂತ ನೀರು, ತಾರಸಿಯ ಟ್ಯಾಂಕು, ಜಡಿಮಳೆ, ಎಲ್ಲವೂ ಅನಾಫಿಲಿಸ್ ಸೊಳ್ಳೆಗೆ ಅನುಕೂಲ. 2015ರಿಂದ ರೋಗಿಯ ವಿವರ ಟ್ಯಾಬ್‌ನಲ್ಲಿ ದಾಖಲಾಗಿ, ಆರೋಗ್ಯ ಕಾರ್ಯಕರ್ತರು ಆ ಮನೆಯನ್ನೇ ಹುಡುಕಿಕೊಂಡು ಹೋಗುವ ವ್ಯವಸ್ಥೆಯೂ ಬಂತು. ಅದಕ್ಕೆಲ್ಲ ಮೊದಲು ಯಾರೋ ಒಬ್ಬರು ಮಸೂರಕ್ಕೆ ಕಣ್ಣಿಟ್ಟು ಕೂರಬೇಕು.

ಈಗ ಮಲೇರಿಯಾ ಪತ್ತೆಯ ಕಿಟ್‌ಗಳಿವೆಯಲ್ಲ ಎನ್ನುವವರಿದ್ದಾರೆ. ತುರ್ತಿಗೆ ಅವು ಬೇಕು, ಸರಿ. ಆದರೆ ಪರಾವಲಂಬಿಯ ಇನ್ನೊಂದು ಜಾತಿಯಾದ ಫಾಲ್ಸಿಪ್ಯಾರಮ್ ಪತ್ತೆಯ ಎಚ್‌ಆರ್‌ಪಿ-2 ಕಿಟ್ ರೋಗ ವಾಸಿಯಾಗಿ ವಾರಗಳಾದರೂ ಪಾಸಿಟಿವ್ ತೋರಿಸಬಹುದು. ಔಷಧ ನಾಟಿದೆಯೇ, ಪರಾವಲಂಬಿಗಳು ಕಡಿಮೆಯಾಗಿವೆಯೇ ಎಂದು ಎಣಿಸಿ ಹೇಳಲು ಸೂಕ್ಷ್ಮದರ್ಶಕವೇ ಬೇಕು.

ನಮ್ಮ ಪಿಯು ಮಕ್ಕಳು ಈರುಳ್ಳಿ ಸಿಪ್ಪೆಯಲ್ಲಿ ಕೋಶ ನೋಡಿ ಚಿತ್ರ ಬರೆದು ಅಂಕ ಪಡೆಯುತ್ತಾರೆ. ಅದರ ಪಕ್ಕದಲ್ಲೇ ಬಣ್ಣ ಹಾಕಿದ ಮಲೇರಿಯಾ ಸ್ಲೈಡನ್ನೂ ಇಡಿ. ಕೋಶಕೇಂದ್ರ ಇರಬಾರದ ಕಡೆ ಅದು ಹೇಗೆ ಬಂತೆಂದು ಮಕ್ಕಳನ್ನೇ ಕೇಳಿ. ಸಿದ್ಧಾಂತವನ್ನು ಬಾಯಿಪಾಠ ಮಾಡಿಸುವ ಕೆಲಸ ಆಮೇಲೆ ಯಾವ ಮೇಷ್ಟ್ರಿಗೂ ಉಳಿಯುವುದಿಲ್ಲ.